ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆಯಾ? ಶಬ್ದದ ಮೂಲ ಹುಡುಕುವ ಬಗೆ

ತಿಂಗಳುಗಟ್ಟಲೆ ಕನಸು ಕಂಡ ಆಂಪ್ಲಿಫೈಯರ್ ಕೊನೆಗೂ ಮುಗಿಯಿತು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದರ ಮುಖವನ್ನು ಹತ್ತು ಸಲ ಬರೆದು ಅಳಿಸಿದ್ದಾಯಿತು. ವಾಲ್ಯೂಮ್ ಗುಂಡಿ ಎಡಕ್ಕಿರಬೇಕೋ ಬಲಕ್ಕೋ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದಾಯಿತು. ಈಗ ಸ್ವಿಚ್ ಹಾಕಿದಿರಿ. ಹಾಡು ಬಂತು. ಹಾಡು ನಿಂತ ಮೇಲೂ ಇನ್ನೊಂದು ಉಳಿಯಿತು: ಗುಂಯ್...

ನನ್ನ ಮೊದಲ ಆಂಪ್ಲಿಫೈಯರ್ ಹುಟ್ಟಿದ್ದೂ ಹೀಗೇ. ಎರಡು ಎಲ್‌ಎಂ3886 ಚಿಪ್ (ಒಂದೊಂದೂ ಒಂದು ಚಾನೆಲ್ಲಿನ ಆಂಪ್ಲಿಫೈಯರ್), ಒಂದು ಟೊರಾಯ್ಡ್, ಅಂದರೆ ಬಳೆಯಾಕಾರದ, ಟ್ರಾನ್ಸ್‌ಫಾರ್ಮರ್, ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಗುಂಯ್ ಕೇಳಿದ ಕೂಡಲೇ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗೋಡೆಯ ಪ್ಲಗ್ಗಿನ ಎಸಿಯನ್ನು ಡಿಸಿ ಮಾಡಿಕೊಡುವ ಸಪ್ಲೈಯ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಿತ್ತು 10,000ದ್ದು ಹಾಕಿದೆ. ಗುಂಯ್ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು! ಯಾಕೆ ಜಾಸ್ತಿ ಆಯಿತು ಅನ್ನುವುದು ತಿಳಿಯಲು ಮೂರು ವಾರ ಬೇಕಾಯಿತು. ಆ ಮೂರು ವಾರ ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕಟ್ಟಿದ ಆಂಪ್ಲಿಫೈಯರ್ ಗುಂಯ್ ಅಂದರೆ ಬಹುಪಾಲು ಯಾವ ಬಿಡಿಭಾಗವೂ ಕೆಟ್ಟಿರುವುದಿಲ್ಲ. ತಂತಿ ಹೋದ ದಾರಿ ತಪ್ಪಾಗಿರುತ್ತದೆ. ಹಾಗಾಗಿ ಬೆಸುಗೆ ಕಡ್ಡಿಯನ್ನು ಸದ್ಯಕ್ಕೆ ಸ್ಟ್ಯಾಂಡಿನಲ್ಲೇ ಬಿಡಿ.

ಕೈ ಹಾಕುವ ಮೊದಲು

ಸ್ವಿಚ್ ಆರಿಸಿದ ಮಾತ್ರಕ್ಕೆ ಪೆಟ್ಟಿಗೆ ಸುರಕ್ಷಿತವಲ್ಲ. ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಪ್ಲಗ್ ಕಿತ್ತ ಮೇಲೆ 220 ಓಮ್, 5 ವಾಟ್ ರೆಸಿಸ್ಟರ್ ಒಂದನ್ನು ಪ್ರತಿ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಆಮೇಲೆ ಮಲ್ಟಿಮೀಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಇಟ್ಟು ಪಟ್ ಅನ್ನಿಸುವ ಶೂರತನ ಬೇಡ. ಅದರಿಂದ ಕೆಪಾಸಿಟರಿಗೂ ಪೆಟ್ಟು, ಕಣ್ಣಿಗೂ ಅಪಾಯ.

ಮೊದಲ ಸಲ ಚಾಲೂ ಮಾಡುವಾಗ, ಅಥವಾ ಒಳಗೆ ಏನಾದರೂ ಬದಲಿಸಿದ ಮೇಲೆ, ಮೇನ್ಸ್ (ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟ್) ತಂತಿಗೆ ಸರಣಿಯಲ್ಲಿ 60 ಅಥವಾ 100 ವಾಟಿನ ಹಳೇ ಕಾಲದ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಕೆಪಾಸಿಟರ್‌ಗಳು ತುಂಬಿಕೊಂಡವು ಎಂದರ್ಥ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ.

ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್ಟಿನಲ್ಲಿ ಡಿಸಿ ಎಷ್ಟಿದೆ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟ್‌ಗಳ ಲೆಕ್ಕದಲ್ಲಿದ್ದರೆ ಸ್ಪೀಕರನ್ನು ಹತ್ತಿರವೂ ತರಬೇಡಿ. ಆಗ ನಿಮಗಿರುವುದು ಬೇರೆಯೇ ದೋಷ. ಪರೀಕ್ಷೆಗೆ ಹೋದರೆ ಹೋಗಲಿ ಅನ್ನುವಂಥ ಹಳೇ ಸ್ಪೀಕರ್ ಒಂದನ್ನು ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ತೆಗೆದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಹೋಗುವುದೂ ನಿಜ. ಆದರೆ ಮುಂದೊಂದು ದಿನ ಒಳಗಿನ ತಂತಿ ಬಿಚ್ಚಿ ಪೆಟ್ಟಿಗೆಗೆ ತಾಗಿದರೆ ನಿಮ್ಮ ವಾಲ್ಯೂಮ್ ಗುಂಡಿಯಲ್ಲೇ ಮೇನ್ಸ್ ಇರುತ್ತದೆ. ಪೆಟ್ಟಿಗೆಗೆ ಅರ್ಥ್ ಬೇಕೇ ಬೇಕು. ಅದಕ್ಕೆಂದೇ ಒಂದು ಬೋಲ್ಟ್ ಇರಲಿ, ಬೇರೆ ಯಾವುದಕ್ಕೂ ಅದು ಪಾಲಾಗಬಾರದು.

ಮೊದಲು ಕಿವಿ, ಆಮೇಲೆ ಮೀಟರ್

ಮೊದಲು ಸ್ಪೀಕರ್ ತಂತಿ ಬಿಚ್ಚಿ ಕೇಳಿ. ಆಗಲೂ ಗುಂಯ್ ಇದ್ದರೆ ಸದ್ದು ಮಾಡುತ್ತಿರುವುದು ಟ್ರಾನ್ಸ್‌ಫಾರ್ಮರೇ. ಅದು ಮೈ ನಡುಗಿಸುತ್ತಿದೆ, ಪೆಟ್ಟಿಗೆ ಅದಕ್ಕೆ ತಾಳ ಹಾಕುತ್ತಿದೆ. ಅಡಿಗೆ ರಬ್ಬರ್ ವಾಷರ್ ಹಾಕಿ, ಬೋಲ್ಟ್ ಬಿಗಿ ನೋಡಿ. ಟೊರಾಯ್ಡ್ ಆಗಿದ್ದು ಗುಂಯ್ ಹೊತ್ತಿಗೊಂದು ಥರ ಏರಿ ಇಳಿದರೆ, ಮೇನ್ಸಿನಲ್ಲಿ ಸ್ವಲ್ಪ ಡಿಸಿ ಸೇರಿಕೊಂಡಿರುವ ಸಾಧ್ಯತೆ ಇದೆ. ಟೊರಾಯ್ಡ್‌ಗಳಿಗೆ ಅದು ಆಗಿಬರುವುದಿಲ್ಲ. ಇದು ತಂತಿಯ ತಪ್ಪಲ್ಲ, ಹಾಗಾಗಿ ಮುಂದಿನದೆಲ್ಲ ಇದಕ್ಕೆ ಸಂಬಂಧಿಸಿಲ್ಲ.

ಸ್ಪೀಕರಿನಿಂದಲೇ ಬರುತ್ತಿದ್ದರೆ ಅದರ ದನಿ ಯಾವ ಥರದ್ದು ಎಂದು ಕೇಳಿಸಿಕೊಳ್ಳಿ. ಮೇನ್ಸ್ 50 ಹರ್ಟ್ಸ್ ಇರುವ ಕಡೆ ಎರಡು ಬಗೆ ಬರುತ್ತದೆ. 50 ಹರ್ಟ್ಸಿನದು ಮೆತ್ತಗೆ, ಆಳದಿಂದ, ಹೊಟ್ಟೆಯಲ್ಲಿ ಕೇಳಿಸಿದ ಹಾಗೆ. 100 ಹರ್ಟ್ಸಿನದು ಒರಟು, ಬರ್ರ್ ಎನ್ನುವ ಅಂಚಿರುವಂಥದ್ದು. ಮೇನ್ಸ್ 60 ಇದ್ದರೆ ಇವು 60 ಮತ್ತು 120 ಆಗುತ್ತವೆ. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಬ್ರಿಡ್ಜ್ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ ಸಪ್ಲೈ ಕಡೆಯಿಂದ ಬರುವುದೆಲ್ಲ ದುಪ್ಪಟ್ಟು ಕಂಪನದ್ದು. ಟ್ರಾನ್ಸ್‌ಫಾರ್ಮರಿನಿಂದ ಗಾಳಿಯಲ್ಲಿ ಹಾರಿ ಬಂದದ್ದು, ಹೊರಗಿನ ಕೇಬಲ್ಲುಗಳ ಸುತ್ತಿನಲ್ಲಿ ಬಂದದ್ದು ಸಾಮಾನ್ಯವಾಗಿ ಮೇನ್ಸಿನ ಕಂಪನದ್ದೇ.

ಕಿವಿಗೆ ಗೊತ್ತಾಗದಿದ್ದರೆ ಫೋನಿನಲ್ಲಿ ಟೋನ್ ಜನರೇಟರ್ ಹಾಕಿ ಹೆಡ್‌ಫೋನಿನಲ್ಲಿ 50, 100 ಎರಡನ್ನೂ ಕೇಳಿ ಹೋಲಿಸಿ. ಫೋನಿನ ಸ್ಪೀಕರಿನಲ್ಲಿ 50 ಕೇಳಿಸುವುದೇ ಇಲ್ಲ. ಇದೇ ಕಾರಣಕ್ಕೆ ನಿಮ್ಮ ಪರೀಕ್ಷೆಯ ಸ್ಪೀಕರ್ ಪುಟ್ಟದಾಗಿದ್ದರೆ ಅದೂ ಸುಳ್ಳು ಹೇಳುತ್ತದೆ. 50ನ್ನು ನುಂಗಿ ಅದರ ಮೇಲಿನ 100, 150ನ್ನು ಮಾತ್ರ ಕೇಳಿಸುತ್ತದೆ.

ಎರಡು ಪ್ಲಗ್ಗಿನ ಪರೀಕ್ಷೆ

ಎರಡು ಆರ್‌ಸಿಎ ಪ್ಲಗ್ (ಆಡಿಯೋ ಕೇಬಲ್ಲಿನ ತುದಿಯಲ್ಲಿರುವಂಥದ್ದು) ತೆಗೆದುಕೊಳ್ಳಿ. ನಡುವಿನ ಪಿನ್ನನ್ನೂ ಹೊರಗಿನ ಸುತ್ತನ್ನೂ ಒಳಗೇ ಒಂದು ತುಂಡು ತಂತಿಯಿಂದ ಬೆಸೆದುಬಿಡಿ. ಈ ಹವ್ಯಾಸದಲ್ಲಿ ನಾನು ಮಾಡಿಕೊಂಡ ಸಲಕರಣೆಗಳಲ್ಲೆಲ್ಲ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇವೇ. ಆಸಿಲೋಸ್ಕೋಪ್ ಆಮೇಲೆ.

ಆಂಪ್ಲಿಫೈಯರ್ ಆರಿಸಿ, ಎಲ್ಲಾ ಕೇಬಲ್ ಕಿತ್ತು, ಎರಡೂ ಇನ್‌ಪುಟ್‌ಗಳಿಗೆ ಈ ಪ್ಲಗ್ ಹಾಕಿ, ಮತ್ತೆ ಚಾಲೂ ಮಾಡಿ. ಇನ್‌ಪುಟ್ಟನ್ನು ಸುಮ್ನೆ ಖಾಲಿ ಬಿಟ್ಟು ಕೇಳಿದರೆ ಸಾಲದೇ? ಸಾಲದು. ಖಾಲಿ ಇನ್‌ಪುಟ್ ಅಂದರೆ ಆಂಟೆನಾ ಇದ್ದ ಹಾಗೆ, ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರಿನಲ್ಲೂ ಅದು ಒಂದಿಷ್ಟು ಗುಂಯ್ ಅನ್ನಬಹುದು. ಅದನ್ನು ದೋಷ ಎಂದು ಹುಡುಕುತ್ತಾ ಕೂತರೆ ದಿನ ಹಾಳು.

ಪ್ಲಗ್ ಹಾಕಿದಾಗ ಪೂರ್ತಿ ನಿಶ್ಶಬ್ದವಾದರೆ ಪೆಟ್ಟಿಗೆಯ ಒಳಗೆ ಎಲ್ಲ ಸರಿಯಿದೆ, ತೊಂದರೆ ಹೊರಗಿದೆ. ಗುಂಯ್ ಉಳಿದು, ವಾಲ್ಯೂಮ್ ತಿರುಗಿಸಿದಂತೆ ಏರಿಳಿದರೆ ತೊಂದರೆ ವಾಲ್ಯೂಮ್ ಕಂಟ್ರೋಲಿನ ಆಸುಪಾಸಿನಲ್ಲೋ ಅದಕ್ಕೂ ಮುಂಚೆಯೋ ಇದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಅದು ವಾಲ್ಯೂಮ್ ದಾಟಿದ ಮೇಲೆ ಒಳಗೆ ನುಗ್ಗುತ್ತಿದೆ. ಇಷ್ಟು ತಿಳಿದರೆ ಅರ್ಧ ಪೆಟ್ಟಿಗೆಯನ್ನು ಮರೆತುಬಿಡಬಹುದು.

ತೊಂದರೆ ಹೊರಗಿದ್ದರೆ

ಕಂಪ್ಯೂಟರಿಗೂ ಅರ್ಥ್ ಇದೆ, ಆಂಪ್ಲಿಫೈಯರಿಗೂ ಅರ್ಥ್ ಇದೆ. ಇವೆರಡನ್ನೂ ಆಡಿಯೋ ಕೇಬಲ್ಲಿನ ಶೀಲ್ಡ್ (ಒಳ ತಂತಿಯನ್ನು ಸುತ್ತಿದ ಲೋಹದ ಹೊದಿಕೆ) ಮತ್ತೊಂದು ಸಲ ಸೇರಿಸುತ್ತದೆ. ಈಗ ತಂತಿಯ ದೊಡ್ಡ ಬಳೆಯೊಂದು ತಯಾರಾಯಿತು. ಎರಡು ಅರ್ಥ್‌ಗಳ ನಡುವಿನ ಚಿಕ್ಕ ವ್ಯತ್ಯಾಸ ಆ ಬಳೆಯಲ್ಲಿ ಕರೆಂಟ್ ಹರಿಸುತ್ತದೆ. ಅದು ಶೀಲ್ಡಿನಲ್ಲೇ ಹರಿಯುವುದರಿಂದ ಸಂಗೀತದ ಜೊತೆ ಸೇರಿ ಒಳಗೆ ಬರುತ್ತದೆ.

ಪರೀಕ್ಷೆ ಸುಲಭ. ಚಾರ್ಜರ್ ಹಾಕದ ಫೋನನ್ನೋ ಬ್ಯಾಟರಿಯ ಮೇಲಿರುವ ಲ್ಯಾಪ್‌ಟಾಪನ್ನೋ ಜೋಡಿಸಿ. ನಿಶ್ಶಬ್ದ. ಚಾರ್ಜರ್ ಹಾಕಿ. ಗುಂಯ್. ಇದಕ್ಕಿಂತ ಸಾಕ್ಷಿ ಬೇಡ, ಅಲ್ವಾ? ಟಿವಿ ಜೋಡಿಸಿದ್ದರೆ ಅದರ ಆಂಟೆನಾ ಅಥವಾ ಕೇಬಲ್ ತಂತಿ ಬಿಚ್ಚಿ ನೋಡುವುದನ್ನು ಮರೆಯಬೇಡಿ. ಅದೂ ಎಲ್ಲೋ ದೂರದಲ್ಲಿ ಅರ್ಥ್ ಆಗಿರುತ್ತದೆ.

ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಕೇಬಲ್ ಚಿಕ್ಕದು ಮಾಡಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಸಿಗ್ನಲ್ ದಾರಿಯಲ್ಲಿ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಕಟ್ಟುವವರಿಗೆ ಇನ್ನೊಂದು ದಾರಿ ಇದೆ. ಪೆಟ್ಟಿಗೆ ನೇರ ಅರ್ಥ್‌ಗೆ ಸೇರಿರಲಿ, ಸರ್ಕ್ಯೂಟಿನ ಗ್ರೌಂಡನ್ನು (ಅದರ ಸೊನ್ನೆ ವೋಲ್ಟಿನ ತಂತಿ) ಮಾತ್ರ 10 ಓಮ್ ರೆಸಿಸ್ಟರಿನ ಮೂಲಕ ಪೆಟ್ಟಿಗೆಗೆ ಸೇರಿಸಿ. ಆ ರೆಸಿಸ್ಟರಿಗೆ ಪಕ್ಕದಲ್ಲೇ 35 ಆಂಪಿಯರಿನ ಬ್ರಿಡ್ಜ್ ಒಂದನ್ನು ಎರಡೂ ದಿಕ್ಕಿಗೆ ಹರಿಯುವಂತೆ ಹಾಕಿ, ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸೇರಿಸಿ. ಬಳೆಯ ಪುಟ್ಟ ಕರೆಂಟಿಗೆ 10 ಓಮ್ ದೊಡ್ಡ ಅಡ್ಡಿ. ಆದರೆ ಒಳಗೆ ಮೇನ್ಸ್ ಶಾರ್ಟ್ ಆದರೆ ಡಯೋಡ್‌ಗಳು ತೆರೆದುಕೊಂಡು ಕರೆಂಟನ್ನು ಅರ್ಥ್‌ಗೆ ಸಾಗಿಸುತ್ತವೆ, ಫ್ಯೂಸ್ ಹೋಗುತ್ತದೆ. ಬ್ರಿಡ್ಜ್ ಇಲ್ಲದೆ ಬರೀ ರೆಸಿಸ್ಟರ್ ಹಾಕಬೇಡಿ.

ವಾಲ್ಯೂಮ್ ಜೊತೆ ಏರಿಳಿಯುವ ಗುಂಯ್

ಇಲ್ಲಿ ಒಂದು ಗಮ್ಮತ್ತಿದೆ. ಗುಂಡಿಯನ್ನು ಪೂರ್ತಿ ಇಳಿಸಿದಾಗ ಗುಂಯ್ ಇಲ್ಲ, ಪೂರ್ತಿ ಏರಿಸಿದಾಗಲೂ ಕಡಿಮೆ, ನಡುವೆ ಮಾತ್ರ ಜೋರು. ಕೆಟ್ಟ ಪಾಟ್ (ವಾಲ್ಯೂಮ್ ಗುಂಡಿಯ ಹಿಂದಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಅಂತ ಬಿಸಾಡಬೇಡಿ. 50ಕೆ (50 ಕಿಲೋಓಮ್) ಪಾಟಿನ ಗುಂಡಿಯನ್ನು ರೆಸಿಸ್ಟೆನ್ಸ್ ಸಮ ಭಾಗ ಆಗುವಲ್ಲಿ ನಿಲ್ಲಿಸಿದಾಗ ಮುಂದಿನ ಹಂತಕ್ಕೆ ಅದು 12.5ಕೆ ಆಗಿ ಕಾಣುತ್ತದೆ, ಎರಡು ತುದಿಗಳಲ್ಲಿ ಸೊನ್ನೆಯ ಹತ್ತಿರ. ರೆಸಿಸ್ಟೆನ್ಸ್ ಹೆಚ್ಚಿರುವ ಆ ಜಾಗದಲ್ಲೇ ಪಕ್ಕದ ಮೇನ್ಸ್ ತಂತಿ ತನ್ನ ಸದ್ದನ್ನು ಸುಲಭವಾಗಿ ತುರುಕುತ್ತದೆ.

ಪಾಟಿನ ಲೋಹದ ಮೈಯನ್ನು ಬೆರಳಿನಿಂದ ಮುಟ್ಟಿ. ಗುಂಯ್ ಇಳಿದರೆ ಆ ಮೈಗೆ ಗ್ರೌಂಡ್ ಸಿಕ್ಕಿಲ್ಲ. ಬಣ್ಣ ಬಳಿದ ಅಥವಾ ಆನೊಡೈಸ್ ಮಾಡಿದ ಫಲಕಕ್ಕೆ ಪಾಟ್ ಬಿಗಿದರೆ ಹೀಗಾಗುತ್ತದೆ, ಏಕೆಂದರೆ ಆ ಪದರ ವಿದ್ಯುತ್ ಬಿಡುವುದಿಲ್ಲ. ನಟ್ ಕೆಳಗೆ ಸ್ವಲ್ಪ ಕೆರೆದರೆ ಸಾಕು. ಮೇನ್ಸ್ ಸ್ವಿಚ್ಚನ್ನು ಅಂದಕ್ಕೆಂದು ಮುಂದೆ, ಪಾಟಿನ ಪಕ್ಕ ಇಟ್ಟಿದ್ದೀರಾ? ನಾನಂತೂ ಇಟ್ಟಿದ್ದೆ. ಆ ತಂತಿಗಳನ್ನು ಹೆಣೆದು, ಪೆಟ್ಟಿಗೆಯ ಮೂಲೆ ಹಿಡಿದು ಸಾಗಿಸಿ. ಪಾಟಿನ ತಂತಿ ಶೀಲ್ಡ್ ಇರುವಂಥದ್ದಾಗಿರಲಿ.

ವಾಲ್ಯೂಮ್ ಸೊನ್ನೆ, ಗುಂಯ್ ಹಾಗೇ

ನನ್ನ ಮೂರು ವಾರ ಹೋದದ್ದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಸಪ್ಲೈ ಸರಿಯಿದೆಯೇ ನೋಡಿಬಿಡಿ. 18-0-18 ಟ್ರಾನ್ಸ್‌ಫಾರ್ಮರ್ (ನಡು ತಂತಿಯಿಂದ ಎರಡೂ ಕಡೆ 18 ವೋಲ್ಟ್ ಎಸಿ) ಆದರೆ ಡಿಸಿ ಎರಡೂ ಕಡೆ 25 ವೋಲ್ಟಿನ ಸುಮಾರು ಬರಬೇಕು, ಭಾರ ಇಲ್ಲದಾಗ ಒಂದೆರಡು ವೋಲ್ಟ್ ಜಾಸ್ತಿ. ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಕೆಪಾಸಿಟರಿನ ಮೇಲೆ ಏರಿಳಿತ ಅಳೆಯಿರಿ. ಎರಡು ಎಲ್‌ಎಂ3886 ಸುಮ್ಮನಿದ್ದಾಗ ಒಟ್ಟು 0.1 ಆಂಪಿಯರ್ ಎಳೆಯುತ್ತವೆ ಎಂದುಕೊಳ್ಳಿ. 4700 ಮೈಕ್ರೋಫ್ಯಾರಡ್ ಇದ್ದರೆ ಏರಿಳಿತ ಶಿಖರದಿಂದ ತಳಕ್ಕೆ 0.2 ವೋಲ್ಟ್, ಮೀಟರಿನಲ್ಲಿ ಸುಮಾರು 60 ಮಿಲಿವೋಲ್ಟ್. ಒಂದು ಕಡೆ ಮಾತ್ರ ಇದರ ದುಪ್ಪಟ್ಟಿಗೂ ಮೇಲಿದ್ದರೆ ಆ ಕಡೆಯ ಡಯೋಡ್ ಒಂದು ಸತ್ತಿದೆ ಅಥವಾ ಬೆಸುಗೆ ಹಿಡಿದಿಲ್ಲ. ಆಗ ಆ ಕಡೆ 100ರ ಬದಲು 50 ಹರ್ಟ್ಸಿನ ಏರಿಳಿತ ಬರುತ್ತದೆ.

ಇಲ್ಲಿ ಅಗ್ಗದ ಮೀಟರ್‌ಗಳ ಬಗ್ಗೆ ಎಚ್ಚರ. ಕೆಲವು ಎಸಿ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ ತೋರಿಸುತ್ತವೆ. 9 ವೋಲ್ಟ್ ಬ್ಯಾಟರಿಯನ್ನು ಎಸಿ ರೇಂಜಿನಲ್ಲಿ, ಮೀಟರಿನ ಕಡ್ಡಿಗಳನ್ನು ಎರಡೂ ಕಡೆ ಬದಲಿಸಿ ಅಳೆದು ನೋಡಿ. ಸೊನ್ನೆ ಬರಬೇಕು. 20ರ ಹತ್ತಿರ ತೋರಿಸಿದರೆ ಕಡ್ಡಿಗೆ ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿಕೊಂಡು ಅಳೆಯಿರಿ.

ನನ್ನ ಸಪ್ಲೈಯಲ್ಲಿ ಎಲ್ಲ ಸರಿಯಿತ್ತು. ಅಲ್ಲಿಗೇ ನಾನು ಕೆಪಾಸಿಟರಿನ ಹುಚ್ಚು ಬಿಡಬೇಕಿತ್ತು. ಯಾಕೆಂದರೆ ಈ ಚಿಪ್ ಸಪ್ಲೈಯ ಏರಿಳಿತವನ್ನು ಕಡಿಮೆ ಕಂಪನಗಳಲ್ಲಿ 100 ಡೆಸಿಬೆಲ್‌ನ ಆಸುಪಾಸಿನಷ್ಟು ತಡೆಯುತ್ತದೆ. ಅಂದರೆ ಒಂದು ಲಕ್ಷದಲ್ಲಿ ಒಂದು ಪಾಲು. 60 ಮಿಲಿವೋಲ್ಟಿನಲ್ಲಿ ಲಕ್ಷದ ಒಂದು ಪಾಲು ಯಾರ ಕಿವಿಗೂ ಬೀಳುವುದಿಲ್ಲ. ಹಾಗಾದರೆ 100 ಹರ್ಟ್ಸ್ ಯಾವ ದಾರಿಯಲ್ಲಿ ಬಂತು?

ಗ್ರೌಂಡ್ ತಂತಿಯಲ್ಲಿ. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಅಂದರೆ ಒಂದು ಗುರುತು, ಎಲ್ಲ ಕಡೆ ಸೊನ್ನೆ. ಪೆಟ್ಟಿಗೆಯಲ್ಲಿ ಅದು ತಾಮ್ರದ ತಂತಿ, ಅದಕ್ಕೂ ರೆಸಿಸ್ಟೆನ್ಸ್ ಇದೆ. ಒಂದು ಚದರ ಮಿಲಿಮೀಟರ್ ದಪ್ಪದ ತಂತಿಗೆ ಮೀಟರಿಗೆ ಸುಮಾರು 17 ಮಿಲಿಓಮ್, 20 ಸೆಂಟಿಮೀಟರಿಗೆ ಮೂರೂವರೆ. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಡಯೋಡ್‌ಗಳು ಕೆಪಾಸಿಟರನ್ನು ಸದಾ ತುಂಬುವುದಿಲ್ಲ. ಅಲೆಯ ನೆತ್ತಿಯಲ್ಲಿ ಮಾತ್ರ, ಗಬಕ್ಕೆಂದು ತುಂಬುತ್ತವೆ. ಹಾಡು ಜೋರಾಗಿದ್ದಾಗ ಈ ಗುಟುಕು 10 ಆಂಪಿಯರ್ ಮುಟ್ಟುವುದು ದೊಡ್ಡದಲ್ಲ. 10 ಆಂಪಿಯರ್ ಮೂರೂವರೆ ಮಿಲಿಓಮಿನಲ್ಲಿ ಹರಿದರೆ 35 ಮಿಲಿವೋಲ್ಟ್. ಆ ತಂತಿಯ ಒಂದು ತುದಿಗೆ ನೀವು ಇನ್‌ಪುಟ್ಟಿನ ಗ್ರೌಂಡ್ ಸಿಕ್ಕಿಸಿದ್ದರೆ ಆಂಪ್ಲಿಫೈಯರಿಗೆ ಅದೂ ಸಂಗೀತವೇ. 20 ಪಟ್ಟು ದೊಡ್ಡದು ಮಾಡಿ 0.7 ವೋಲ್ಟ್ ಸ್ಪೀಕರಿಗೆ ಕೊಡುತ್ತದೆ. ಹಾಡು ಇಲ್ಲದಾಗ ಗುಟುಕು ಇದರ ಹತ್ತನೇ ಒಂದು ಪಾಲಾದರೂ ರಾತ್ರಿಯ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ.

ದೊಡ್ಡ ಕೆಪಾಸಿಟರ್ ಹಾಕಿದಾಗ ಆದದ್ದೂ ಇದೇ. ತುಂಬುವ ಹೊತ್ತು ಇನ್ನೂ ಕಡಿಮೆಯಾಯಿತು, ಗುಟುಕು ಇನ್ನೂ ಚೂಪಾಯಿತು. ನಾನು ಚಿಪ್ಪಿನ ಇನ್‌ಪುಟ್ ಗ್ರೌಂಡನ್ನು ಟ್ರಾನ್ಸ್‌ಫಾರ್ಮರಿನ ನಡು ತಂತಿ ಬಂದು ಸೇರುವ ಕಡೆಗೇ ಬೆಸೆದಿದ್ದೆ. ಜಾಗ ಅನುಕೂಲವಾಗಿತ್ತು, ಅಷ್ಟೇ ಕಾರಣ.

ಸರಿಯಾದ ಸಾಲು ಹೀಗೆ. ಟ್ರಾನ್ಸ್‌ಫಾರ್ಮರಿನ ನಡು ತಂತಿ ಮೊದಲು ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಹೋಗಬೇಕು. ಆ ದಾರಿಯಲ್ಲಿ ಬೇರೆ ಏನನ್ನೂ ಸಿಕ್ಕಿಸಬಾರದು. ಕೆಪಾಸಿಟರ್ ಸೇರುವ ಜಾಗದಿಂದ ಚಿಕ್ಕ ತಂತಿಯೊಂದು ಕವಲಾಗಿ ಹೊರಡಲಿ. ಅದರ ತುದಿಯಲ್ಲಿ ಸ್ಪೀಕರ್ ಹಿಂತಂತಿ, ಚಿಪ್ಪಿನ ಗ್ರೌಂಡ್, ಇನ್‌ಪುಟ್ ಗ್ರೌಂಡ್ ಎಲ್ಲ ಒಂದೇ ಚುಕ್ಕಿಯಲ್ಲಿ ಸೇರಲಿ. ಕವಲಿನಲ್ಲಿ ತುಂಬುವ ಗುಟುಕು ಹರಿಯುವುದಿಲ್ಲ. ಬದಲಿಸಿ ನೋಡುವಾಗ ಪ್ರತಿ ಸಲ ಆರಿಸಿ, ಕೆಪಾಸಿಟರ್ ಖಾಲಿ ಮಾಡಿ, ಆಮೇಲೆ ತಂತಿ ಸರಿಸಿ. ಚಾಲೂ ಇದ್ದಾಗ ಗ್ರೌಂಡ್ ಕಿತ್ತರೆ ಸ್ಪೀಕರ್ ಒಂದೇ ಏಟಿಗೆ ಹೋಗಬಹುದು. ಒಂದು ಸಲಕ್ಕೆ ಒಂದೇ ತಂತಿ. ಎರಡು ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಯಾವತ್ತೂ ತಿಳಿಯುವುದಿಲ್ಲ.

ಇದರಿಂದ ಬರ್ರ್ ಹೋಯಿತು. ಅದರ ಅಡಿಯಲ್ಲಿ ಮೆತ್ತಗಿನ 50 ಒಂದು ಅಡಗಿ ಕೂತಿತ್ತು! ಎಡ, ಬಲ ಎರಡೂ ಚಾನೆಲ್ಲಿನ ಗ್ರೌಂಡ್ ಹಿಂದಿನ ಸಾಕೆಟ್ಟಿನ ಬಳಿ ಒಮ್ಮೆ, ಬೋರ್ಡಿನ ಬಳಿ ಇನ್ನೊಮ್ಮೆ ಸೇರಿದ್ದವು. ನಡುವೆ ಅಗಲವಾದ ಬಳೆ, ಅದರ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್. ಎರಡೂ ತಂತಿಗಳನ್ನು ಒಟ್ಟಿಗೆ ಹೆಣೆದು ಬಳೆಯನ್ನು ಚಪ್ಪಟೆ ಮಾಡಿದೆ. ಆಮೇಲೆ ಟೊರಾಯ್ಡಿನ ಬೋಲ್ಟ್ ಸಡಿಲಿಸಿ, ಕೇಳುತ್ತಾ ನಿಧಾನಕ್ಕೆ ತಿರುಗಿಸಿದೆ. ಇನ್ಸುಲೇಶನ್ ಇರುವ ಕೈಗವಸು, ಒಂದೇ ಕೈ. ಒಂದು ಕಡೆ ಗುಂಯ್ ತಳ ಮುಟ್ಟಿತು. ಪೆನ್ಸಿಲ್ಲಿನಲ್ಲಿ ಗುರುತು ಮಾಡಿದೆ. ಅಲ್ಯೂಮಿನಿಯಂ ಹಾಳೆ ಅಡ್ಡ ಇಟ್ಟರೆ 50 ಹರ್ಟ್ಸಿನ ಅಯಸ್ಕಾಂತೀಯ ಸೋರಿಕೆ ನಿಲ್ಲುವುದಿಲ್ಲ, ಉಕ್ಕಿನ ಹಾಳೆ ಕೊಂಚ ನೆರವಾಗುತ್ತದೆ. ದೂರ ಇಡುವುದೇ ಎಲ್ಲಕ್ಕಿಂತ ಒಳ್ಳೆಯ ಮದ್ದು.

ಗುಂಯ್ ಅಲ್ಲದ ಬೇರೆ ಸದ್ದುಗಳು

ಗುಂಡಿ ತಿರುಗಿಸಿದಾಗ ಚರಚರ ಅಂದರೆ ಪಾಟಿಗೆ ಡಿಸಿ ಸೋರುತ್ತಿದೆಯೇ ಅಳೆಯಿರಿ, ಇಲ್ಲದಿದ್ದರೆ ಬರೀ ಕೊಳೆ. ಹಾಡಿಲ್ಲದೆಯೇ ಹೀಟ್‌ಸಿಂಕ್ ಸುಡುತ್ತಿದ್ದರೆ ಚಿಪ್ ಕಿವಿಗೆ ಕೇಳದ ಕಂಪನದಲ್ಲಿ ಕುಣಿಯುತ್ತಿದೆ. ಸಪ್ಲೈ ಕಾಲುಗಳಿಗೆ ಒತ್ತಿಕೊಂಡಂತೆ 0.1 ಮೈಕ್ರೋಫ್ಯಾರಡ್ ಇದೆಯೇ, ಎಲ್‌ಎಂ3886ರ ಗೇನ್ (ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬ ಲೆಕ್ಕ) 10ಕ್ಕಿಂತ ಕೆಳಗಿಳಿದಿದೆಯೇ ನೋಡಿ. ಅದೇ ಚಿಪ್ ಏನೂ ಸದ್ದು ಮಾಡದಿದ್ದರೆ ಎಂಟನೇ ಕಾಲು, ಮ್ಯೂಟ್, ಹಾಗೇ ಬಿಟ್ಟಿರುತ್ತೀರಿ. ಆಗಾಗ ಟಿರ್ರ್ ಟಿರ್ರ್ ಎಂದು ಬಂದು ಹೋದರೆ ಪಕ್ಕದಲ್ಲಿರುವ ಮೊಬೈಲ್. ಜಿಎಸ್‌ಎಂ (2ಜಿ) ಫೋನು ಸೆಕೆಂಡಿಗೆ 217 ಸಲ ಮಿಡಿಯುತ್ತದೆ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರಿನಲ್ಲಿ 50 ಹರ್ಟ್ಸ್ ಬಂದರೆ ಮೊದಲ ಅನುಮಾನ 6.3 ವೋಲ್ಟಿನ ಹೀಟರ್ ತಂತಿಯ ಮೇಲೆ ಇರಲಿ. ಅದನ್ನು ಬಿಗಿಯಾಗಿ ಹೆಣೆದು, ಎರಡೂ ತಂತಿಯಿಂದ 100 ಓಮಿನ ಒಂದೊಂದು ರೆಸಿಸ್ಟರನ್ನು ಗ್ರೌಂಡಿಗೆ ಹಾಕಿ. ಅಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಚಿಪ್ಪಿನಲ್ಲಿ ಕಲಿತ ಧೈರ್ಯವನ್ನು ಅಲ್ಲಿಗೆ ಒಯ್ಯಬೇಡಿ.

ಎಲ್ಲಿಗೆ ನಿಲ್ಲಿಸಬೇಕು

ಇನ್‌ಪುಟ್ಟಿಗೆ ಶಾರ್ಟ್ ಪ್ಲಗ್ ಹಾಕಿ ಔಟ್‌ಪುಟ್ಟಿನಲ್ಲಿ ಎಸಿ ಅಳೆದಾಗ ಒಂದು ಮಿಲಿವೋಲ್ಟಿನೊಳಗೆ ಬಂದರೆ ಸಾಕು. ಟ್ವೀಟರಿಗೆ ಕಿವಿ ಒತ್ತಿದರೆ ಸಣ್ಣ ಸ್ಸ್ ಕೇಳುತ್ತದೆ, ಅದು ಇರುವಂಥದ್ದೇ. ಅದರ ಹಿಂದೆ ಬೀಳಬೇಡಿ.

ಈಗ ತಂತಿಗಳ ಫೋಟೋ ತೆಗೆದಿಟ್ಟುಕೊಂಡು ಮುಚ್ಚಳ ಹಾಕಿ. ಮುಚ್ಚಳ ಹಾಕಿದ ಮೇಲೆ ಗುಂಯ್ ಮರಳಿ ಬಂದರೆ ಗಾಬರಿ ಬೇಡ, ಯಾವುದೋ ತಂತಿ ಟ್ರಾನ್ಸ್‌ಫಾರ್ಮರಿನ ಮೇಲೆ ಒತ್ತಿಕೊಂಡಿದೆ. ಆದರೆ ಒಂದನ್ನು ಮಾತ್ರ ಸ್ವಿಚ್ ಹಾಕುವ ಮುಂಚೆಯೇ ನೋಡಿ: ಟೊರಾಯ್ಡಿನ ನಡುವಿನ ಬೋಲ್ಟ್ ತುದಿ ಮುಚ್ಚಳಕ್ಕೆ ತಾಗಬಾರದು. ತಾಗಿದರೆ ಬೋಲ್ಟ್, ಮುಚ್ಚಳ, ಪೆಟ್ಟಿಗೆಯ ತಳ ಎಲ್ಲ ಸೇರಿ ಟ್ರಾನ್ಸ್‌ಫಾರ್ಮರಿಗೆ ಒಂದು ಸುತ್ತಿನ ಶಾರ್ಟ್ ಆಗುತ್ತದೆ. ಆಗ ಗುಂಯ್ ಅಲ್ಲ, ಫ್ಯೂಸ್ ಹಾರುತ್ತದೆ. ಬೋಲ್ಟ್ ತುದಿಗೂ ಮುಚ್ಚಳಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಇರಲಿ.